ಸ್ಲೇಟು ಒಬ್ಬನ ಕೈಲಿ, ಸೀಮೆಸುಣ್ಣ ಇನ್ನೊಬ್ಬನ ಕೈಲಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಚಿತ್ರದುರ್ಗದ ಕಾಲೇಜೊಂದರಲ್ಲಿ ಗಣಿತದ ಉಪನ್ಯಾಸಕಿ. ಹೊಳಲ್ಕೆರೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಒಂದು ವರ್ಷ ವಿಶ್ವವಿದ್ಯಾಲಯದವರು ಕಂಪ್ಯೂಟರಿನ ಆರಂಭದ ಪಾಠವೊಂದನ್ನು ನಮ್ಮಲ್ಲೂ ಶುರುಮಾಡಿದರು. ಶನಿವಾರ ಬೆಂಗಳೂರಿನಿಂದ ಮೇಷ್ಟ್ರೊಬ್ಬರು ಬಂದು ಆಪರೇಟಿಂಗ್ ಸಿಸ್ಟಮ್ ಕಲಿಸುತ್ತಿದ್ದರು. ಮುಂದೆ ಅದನ್ನು ನಾನೇ ಕಲಿಸಬೇಕೆಂದು ಪ್ರಿನ್ಸಿಪಾಲರು ಹೇಳಿದ್ದರಿಂದ, ನನ್ನ ವಿದ್ಯಾರ್ಥಿಗಳ ಜೊತೆಗೇ ಬೆಂಚಿನಲ್ಲಿ ಕೂತು ಕೇಳುತ್ತಿದ್ದೆ. ಕಂಪ್ಯೂಟರನ್ನು ಅವರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಯಂತ್ರವಿಲ್ಲದ ಕಾರಣ ಮೇಷ್ಟ್ರು ನಮ್ಮನ್ನೇ ಯಂತ್ರ ಮಾಡುತ್ತಿದ್ದರು. ಒಂದು ಶನಿವಾರ ಇಬ್ಬರು ಹುಡುಗರನ್ನು ಎಬ್ಬಿಸಿ, "ಇವರಿಬ್ಬರೂ ಎರಡು ಪ್ರೋಗ್ರಾಮ್‌ಗಳು. ಲೆಕ್ಕ ಬರೆಯೋಕೆ ಇಬ್ಬರಿಗೂ ಸ್ಲೇಟೂ ಬೇಕು, ಸೀಮೆಸುಣ್ಣವೂ ಬೇಕು. ಇರೋದು ಒಂದೊಂದೇ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಬನ್ನಿ ಮೇಡಂ, ನೀವು ಆಪರೇಟಿಂಗ್ ಸಿಸ್ಟಮ್, ಅಂದ್ರೆ ಇರೋದನ್ನ ಹಂಚೋರು. ಕೇಳಿದವರಿಗೆ ಕೊಡಿ," ಎಂದರು.

ಒಬ್ಬ ಸೀಮೆಸುಣ್ಣ ಕೇಳಿದ, ಕೊಟ್ಟೆ. ಇನ್ನೊಬ್ಬ ಸ್ಲೇಟು ಕೇಳಿದ, ಅದನ್ನೂ ಕೊಟ್ಟೆ. ಈಗ ಮೊದಲನೆಯವನಿಗೆ ಸ್ಲೇಟು ಬೇಕು, ಎರಡನೆಯವನಿಗೆ ಸೀಮೆಸುಣ್ಣ. "ಸ್ವಲ್ಪ ತಡೀರಿ," ಎಂದು ಇಬ್ಬರಿಗೂ ಹೇಳಿದೆ. ಇಬ್ಬರೂ ತಡೆದರು. ಇಡೀ ತರಗತಿ ತಡೆಯಿತು. ಯಾರಿಗಾಗಿ ಕಾಯುತ್ತಿದ್ದೇವೆಂದು ನನಗೇ ಹೊಳೆಯಲಿಲ್ಲ.

"ಏನ್ ಮಾಡ್ತೀರಿ ಮೇಡಂ?" ಎಂದು ಮೇಷ್ಟ್ರು ಕೇಳಿದರು. ಸ್ಲೇಟು ಹಿಡಿದ ಹುಡುಗ ಮೆಲ್ಲಗೆ, "ಮೇಡಂ, ನಾವು ಊರಿಗೆ ಹೋಗೋದ್ ಐತೋ ಇಲ್ವೋ?" ಅಂದ. ಎಲ್ಲರೂ ಗೊಳ್ಳೆಂದು ನಕ್ಕರು. ಮೇಷ್ಟ್ರಿಗೂ ಸಮಾಧಾನವಾದಂತಿತ್ತು. "ನೋಡಿ, ಯಂತ್ರ ಹೀಗೇ ನಿಂತುಹೋಗೋದು," ಎಂದು ನನ್ನತ್ತ ಕೈ ತೋರಿಸಿದರು. ಅವರಿಗೆ ಬೇಕಿದ್ದದ್ದೇ ಅದು. ಸೆರಗನ್ನು ಭುಜಕ್ಕೆ ಎಳೆದುಕೊಂಡು ಬಂದು ಕೂತೆ. ಆಮೇಲಿನ ಪಾಠ ಕಿವಿಗೆ ಬೀಳಲಿಲ್ಲ.

ಸಂಜೆಯ ಹೊಸದುರ್ಗದ ಬಸ್ಸು ಹತ್ತಿದಾಗ ಆ ಸ್ಲೇಟಿನ ಹುಡುಗ ಅಲ್ಲಿದ್ದ. ಅವನ ಊರು ಮಾಡದಕೆರೆ. "ಸ್ವಲ್ಪ ತಡೀರಿ, ಸ್ವಲ್ಪ ತಡೀರಿ," ಎಂದು ನನ್ನ ದನಿಯಲ್ಲೇ ಗೆಳೆಯನಿಗೆ ಹೇಳಿ ನಗಿಸುತ್ತಿದ್ದ. ನನ್ನನ್ನು ಕಂಡವನೇ ದಡಕ್ಕನೆ ಎದ್ದು, "ಕುಂತ್ಕಳ್ರಿ ಮೇಡಂ," ಎಂದು ಜಾಗ ಬಿಟ್ಟ. ಅವರು ನಕ್ಕಿದ್ದನ್ನು ಹೇಗೋ ತಡೆದುಕೊಂಡಿದ್ದೆ. ಆ ಮರ್ಯಾದೆಯನ್ನು ತಡೆದುಕೊಳ್ಳಲಾಗಲಿಲ್ಲ. ಹೊಳಲ್ಕೆರೆ ಬರುವವರೆಗೂ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಸೋಮವಾರ ಅದೇ ಹುಡುಗರಿಗೆ ಕಲನಶಾಸ್ತ್ರ ಹೇಳಬೇಕಿತ್ತು. ಬೋರ್ಡಿಗೆ ಮುಖ ಮಾಡಿ ಬರೆಯುತ್ತಲೇ ಹೋದೆ. ಹಿಂದೆ ಯಾರಾದರೂ ಕೆಮ್ಮಿದರೂ ನಕ್ಕಂತೆಯೇ ಕೇಳುತ್ತಿತ್ತು.

ಪಾಠ ಮುಗಿದ ಮೇಲೆ ಮಾಡದಕೆರೆಯ ಹುಡುಗ ಸ್ಟಾಫ್ ರೂಮಿಗೆ ಬಂದು ಬಾಗಿಲಲ್ಲೇ ನಿಂತ.

"ಮೇಡಂ, ಆ ಸ್ಲೇಟಿಂದು ಹೇಳಿಕೊಡ್ತೀರಾ? ಬರೋ ಶನಿವಾರ ನನ್ನೇ ಎಬ್ಬಿಸ್ತಾರೆ ಅಂತ ಹೆದರಿಕೆ ಐತೆ."

ಗೊತ್ತಿರುವವಳಂತೆ ಏನಾದರೂ ಅಂದುಬಿಡಬಹುದಿತ್ತು. "ನನಗೂ ಗೊತ್ತಿಲ್ಲಪ್ಪ," ಎಂದೆ. ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ ತಲೆಯೆತ್ತಿ ನೋಡಿದರು.

ಹುಡುಗ ಮಾತ್ರ ಕುರ್ಚಿ ಎಳೆದು ಕೂತ. ಡಸ್ಟರನ್ನೇ ಸ್ಲೇಟು ಮಾಡಿಕೊಂಡು ಇಬ್ಬರೂ ಕೊಟ್ಟು ತೆಗೆದುಕೊಂಡು ನೋಡಿದೆವು. ಮತ್ತೆ ಮತ್ತೆ ಸಿಕ್ಕಿಬಿದ್ದೆವು. ಕೊನೆಗೆ ಅವನೇ, "ಮೊದ್ಲು ಸೀಮೆಸುಣ್ಣನೇ ಕೇಳ್ಬೇಕು, ಅದು ಸಿಕ್ಕೋರಿಗಷ್ಟೇ ಸ್ಲೇಟು ಅಂತ ಇಟ್ರೆ?" ಎಂದ. ಸರಿಹೋಯಿತು. ಒಬ್ಬ ಬರೆದು ಮುಗಿಸುತ್ತಾನೆ, ಆಮೇಲೆ ಇನ್ನೊಬ್ಬ.

ಮುಂದಿನ ಶನಿವಾರ, "ಇನ್ನೊಮ್ಮೆ ಮಾಡಬಹುದಾ?" ಎಂದು ನಾನೇ ಎದ್ದು ಕೇಳಿದೆ. ನಿಂತಾಗಲೇ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದರು. ಈ ಸಲವೂ ಇಬ್ಬರು ಹುಡುಗರು ಮುಂದೆ ಬಂದರು. ಮೊದಲೇ ಸ್ಲೇಟು ಕೇಳಿದವನಿಗೆ ಅದನ್ನು ಕೊಡದೆ, "ಸೀಮೆಸುಣ್ಣದಿಂದ ಶುರುಮಾಡಪ್ಪ," ಎಂದೆ. ಇಬ್ಬರ ಲೆಕ್ಕವೂ ಮುಗಿಯಿತು. ಮೇಷ್ಟ್ರು "ಸರಿ" ಎಂದಷ್ಟೇ ಹೇಳಿ ಮುಂದಿನ ಪಾಠಕ್ಕೆ ಹೋದರು. ಬಂದು ಕೂತಾಗ ಸೀಮೆಸುಣ್ಣ ಇನ್ನೂ ನನ್ನ ಕೈಯಲ್ಲೇ ಇತ್ತು. ಯಾರಿಗೂ ಕಾಣದಿರಲೆಂದು ಬೆಂಚಿನ ಕೆಳಗೆ ಇಟ್ಟುಕೊಂಡೆ.