ಕಲ್ಯಾಣದ ರಾಜನ ಉಡಿ

ಕಲಬುರಗಿಯಿಂದ ಬೆಳಗಿನ ರೈಲು ಹಿಡಿದು ಹುಮನಾಬಾದಿನಲ್ಲಿ ಇಳಿದೆ. ಕೆಲಸದಲ್ಲಿದ್ದಷ್ಟು ಕಾಲ ಮಕ್ಕಳಿಗೆ ಕಲ್ಯಾಣದ ಚಾಲುಕ್ಯರನ್ನು ಬಾಯಿಪಾಠ ಮಾಡಿಸಿದವಳು ನಾನು. ಕಲ್ಯಾಣವನ್ನು ಮಾತ್ರ ಕಣ್ಣಿನಿಂದ ಕಂಡಿರಲಿಲ್ಲ. ನಿವೃತ್ತಿಯಾದ ಮೇಲೆ ಇನ್ಯಾವ ನೆಪ ಹೇಳಲಿ? ನಿಲ್ದಾಣದ ಎದುರು ಮಂಡಕ್ಕಿಯ ಸುಸಲಾ, ಮಿರ್ಚಿ ತಿಂದು ಬಸವಕಲ್ಯಾಣದ ಬಸ್ಸು ಹತ್ತಿದೆ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಸೊನ್ನೆ ರೂಪಾಯಿಯ ಟಿಕೆಟ್ಟು ಸಿಕ್ಕಿತು. ಮಾಘದ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ಪಕ್ಕದ ಸೀಟಿನಲ್ಲಿದ್ದವಳು ನಾಗಮ್ಮ, ಮೂವತ್ತೈದರ ಆಸುಪಾಸಿನವಳು. ಗಂಡ ತೀರಿಕೊಂಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹುಮನಾಬಾದಿನ ತವರಿನಿಂದ ಗಂಡನ ಊರು ಮುಡಬಿಗೆ ಹೊರಟಿದ್ದಳು. ಮರುದಿನ ಅಲ್ಲಿ ಮೈದುನನ ಜೊತೆ ಹೊಲ ಪಾಲಾಗುವುದಿತ್ತು.

"ಅರ್ಧ ಹಿಸ್ಸಾ ನಂದೇ ಅಂತ ಮೈದುನನೂ ಒಪ್ಯಾನ್ರಿ. ಯಾವ ಅರ್ಧ ಅನ್ನೋದೇ ಚಿಂತಿ," ಎಂದಳು. "ಒಂದು ಬಾವಿ ಇರೋ ಕರೀ ಹೊಲ, ಇನ್ನೊಂದು ಬರೀ ಕೆಂಪು ಮಡ್ಡಿ. ಮಡ್ಡಿ ಬಂದ್ರ ನಾ ಹ್ಯಾಂಗ ಬದುಕ್ಲಿ?"

ನಾನು ಇತಿಹಾಸದ ಟೀಚರ್ ಆಗಿದ್ದವಳೆಂದು ತಿಳಿದ ಮೇಲೆ ತಮ್ಮ ಮನೆತನದ ಪದ್ಧತಿಯೊಂದನ್ನು ಹೇಳಿದಳು. ಪಾಲಾಗುವಾಗ ಮನೆಯಲ್ಲಿ ಗಂಡ ಸತ್ತವಳಿದ್ದರೆ, ಗಂಡಸರು ಮೊದಲು ಒಂದು ಹೊಲದ ಮಣ್ಣು ತಂದು ಅವಳ ಉಡಿ ತುಂಬಬೇಕು. ಯಾವ ಹೊಲದ ಮಣ್ಣೋ ಆ ಹೊಲ ಅವಳದು. ಉಡಿಗೆ ಮಡ್ಡಿಯ ಮಣ್ಣು ಹಾಕಲು ಯಾರಿಗೂ ಕೈ ಬರುವುದಿಲ್ಲ ಎಂಬುದು ಅವಳ ನಂಬಿಕೆ. ಅದಕ್ಕೆ ರಾಜನ ಉಡಿ ಎಂದು ಹೆಸರು. ಮುತ್ತೈದೆಯರಿಗಷ್ಟೇ ಉಡಿ ತುಂಬುವ ನಾಡಿನಲ್ಲಿ ಇಂಥದ್ದೊಂದು ಇದೆಯೆಂದು ನಾನು ಕೇಳಿಯೇ ಇರಲಿಲ್ಲ.

"ಯಾವ ರಾಜ ಮಾಡಿದ್ದು?" ಎಂದೆ.

"ಯಾವ ರಾಜಾ ಅಂದ್ರ? ಕಲ್ಯಾಣದ ದೊಡ್ಡ ರಾಜಾ ರೀ! ಬಾವಿ, ಕೆರಿ, ಕಿಲ್ಲೆ ಎಲ್ಲಾ ಅವನೇ ಮಾಡಿಸ್ಯಾನ."

ಅದರಲ್ಲಿ ಅರ್ಧ ಸುಲ್ತಾನರ ಕೆಲಸವೆಂದು ನನಗೆ ಗೊತ್ತಿತ್ತು. ಬಿಟ್ಟರೆ ನಾವು ಹೋಗುತ್ತಿದ್ದ ಹೆದ್ದಾರಿಯನ್ನೂ ಅವನ ತಲೆಗೇ ಕಟ್ಟುತ್ತಿದ್ದಳೇನೋ! ನಕ್ಕೆ. ಅವಳು ನಗಲಿಲ್ಲ.

"ಮೈದುನ ಈಗ ಬ್ಯಾರೆ ಮಾತಾಡಾಕತ್ತಾನ್ರಿ. ಇದು ಮುದುಕ್ಯಾರ ಕಥಿ, ಎಲ್ಲಿ ಬರದದ ತೋರ್ಸು ಅಂತಾನ. ನೀವು ಓದಿದೋರು. ನಾಳಿ ಬಂದು ಒಂದ್ ಮಾತು ಹೇಳ್ರಿ."

ಅಂಥ ಕಟ್ಟಳೆಯನ್ನು ನಾನು ಯಾವ ಪುಸ್ತಕದಲ್ಲೂ ಕಂಡವಳಲ್ಲ. ಆದರೂ ಆ ಮುಖ ನೋಡಿ, ಬರುತ್ತೇನೆ ಎಂದುಬಿಟ್ಟೆ.

ಮಧ್ಯಾಹ್ನ ಕೋಟೆ ಸುತ್ತಿದೆ. ಒಂದರ ಹಿಂದೊಂದು ಬಾಗಿಲು, ಬಾಯಿ ತೆರೆದು ಬಿದ್ದ ತೋಪು, ಎಲ್ಲೆಲ್ಲೂ ಪಾರಿವಾಳಗಳ ಹಿಕ್ಕೆ. ಕಂಡ ಬರಹದ ಕಲ್ಲನ್ನೆಲ್ಲ ನಿಂತು ನೋಡಿದೆ. ನಾಗಮ್ಮನಿಗೆ ಬೇಕಾದ ಮಾತು ಎಲ್ಲೂ ಸಿಗಲಿಲ್ಲ. ಇದ್ದುದೆಲ್ಲ ರಾಜರ ಬಿರುದುಗಳು; ಅವನ್ನು ಅವರ ಅನ್ನ ಉಂಡವರೇ ಕೆತ್ತಿದ್ದಲ್ಲವೇ ಎಂದು ಸುಮ್ಮನೆ ಸಿಟ್ಟು ಬಂತು. ಲಾಡ್ಜಿಗೆ ಬಂದು ಮಲಗಿದರೂ ನಾಳೆ ಏನು ಹೇಳಲಿ ಎಂಬುದೇ ಯೋಚನೆ.

ಮರುದಿನ ಶೇರ್ ಆಟೋದಲ್ಲಿ ಮುಡಬಿಗೆ ಹೋದೆ. ಅಂಗಳದ ಬೇವಿನ ಕೆಳಗೆ ನಾಲ್ಕಾರು ಹಿರಿಯರು, ನಾಗಮ್ಮ, ಅವಳ ಮೈದುನ ಶರಣಪ್ಪ, ಅತ್ತೆ ಚಂದ್ರಮ್ಮ ಕೂತಿದ್ದರು. ಶರಣಪ್ಪ ಕೆಟ್ಟವನಂತೆ ಕಾಣಲಿಲ್ಲ. ತಾನೇ ಚಹಾ ತಂದುಕೊಟ್ಟು ಕೇಳಿದ: "ಖರೇ ಹೇಳ್ರಿ ಟೀಚರ್ರೇ, ರಾಜಾ ಹಂಗ ಎಲ್ಲಿರೆ ಬರ್ಸ್ಯಾನೇನು?"

ಸುಳ್ಳು ಹೇಳಬೇಕೆಂದು ಬಹಳ ಅನ್ನಿಸಿತು. ಆಗಲಿಲ್ಲ. "ನಾನು ಎಲ್ಲೂ ಓದಿಲ್ಲಪ್ಪ," ಎಂದೆ. ನಾಗಮ್ಮ ತಲೆ ತಗ್ಗಿಸಿದಳು. ಅವಳ ಕಡೆ ನೋಡುವ ಧೈರ್ಯ ನನಗಾಗಲಿಲ್ಲ.

ಆಗ ಚಂದ್ರಮ್ಮ ಮಗನತ್ತ ತಿರುಗಿದರು.

"ನಿಮ್ಮಪ್ಪ ಸತ್ತಾಗ ನೀ ತೊಟ್ಟಿಲದಾಗ ಇದ್ದಿ. ಪಾಲಾಗೋ ದಿನ ನಿಮ್ಮ ದೊಡ್ಡಪ್ಪ ನನ್ನ ಉಡ್ಯಾಗ ಬಾವಿ ಹೊಲದ ಮಣ್ಣು ಹಾಕ್ದ. ಅಂವ ಯಾವ ಪುಸ್ತಕ ಓದಿದ್ದ? ಅದೇ ಹೊಲದ ರೊಟ್ಟಿ ತಿಂದು ನೀ, ನಿಮ್ಮಣ್ಣ ಇಬ್ರೂ ಬೆಳದೀರಿ, ಅದರ ದುಡ್ಡಿನ್ಯಾಗೇ ಆ ಮಡ್ಡಿ ಕೊಂಡೀರಿ. ಆ ರಾಜಾನ ಮಾರಿ ನಾ ನೋಡಿಲ್ಲ. ಆದ್ರ ಅವತ್ತಿಂದ ಅಂವ ನನಗ ದೊಡ್ಡಾವ."

ನಾನು ಇಷ್ಟು ವರ್ಷ ಪಾಠ ಮಾಡಿದ ರಾಜರೆಲ್ಲ ಯುದ್ಧ ಗೆದ್ದು ದೊಡ್ಡವರಾದವರು. ಇವನನ್ನೋ, ಅವನ ಮುಖವನ್ನೇ ಕಾಣದ ಇಲ್ಲಿನ ಹೆಂಗಸರು ಕೂಡಿ ದೊಡ್ಡವನನ್ನಾಗಿ ಮಾಡಿದ್ದರು. ಅವನು ನಿಜವಾಗಿ ಇದ್ದನೋ ಇಲ್ಲವೋ, ನನಗೆ ಅವನ ಮೇಲೆ ಪ್ರೀತಿ ಹುಟ್ಟಿತು.

ಶರಣಪ್ಪ ಎದ್ದು, ಹೆಗಲ ಟವೆಲ್ಲು ಕೈಗೆ ತೆಗೆದುಕೊಂಡು ಹೊಲದ ದಾರಿ ಹಿಡಿದ. ಎರಡೂ ಹೊಲಗಳಿಗೆ ಒಂದೇ ದಾರಿ. ಯಾವುದಕ್ಕೆ ಹೋದನೆಂದು ಕೂತಲ್ಲಿಂದ ತಿಳಿಯುವಂತಿರಲಿಲ್ಲ. ರೊಟ್ಟಿ, ಪುಂಡಿಪಲ್ಯ ಬಡಿಸಿದರು. ನಾಗಮ್ಮ ತುತ್ತು ಮುಟ್ಟಲಿಲ್ಲ.

ಅವನು ಟವೆಲ್ಲಿನ ಗಂಟು ಹಿಡಿದು ಬಂದ. ಚಂದ್ರಮ್ಮ ಸೊಸೆಯ ಸೆರಗನ್ನು ತಾವೇ ಬಿಡಿಸಿ ಹಿಡಿಸಿದರು. ಗಂಡ ಹೋದಾಗಿನಿಂದ ಯಾರೂ ತುಂಬದ ಉಡಿ ಅದು. ಶರಣಪ್ಪ ಗಂಟು ಬಿಚ್ಚಿದ.

ಕರೀ ಮಣ್ಣು.

"ಬಾವಿ ಮಗ್ಗಲಿಂದ ತಂದೀನಿ, ವೈನಿ," ಎಂದ ಶರಣಪ್ಪ, ನೆಲ ನೋಡುತ್ತಾ. "ಹಸಿ ಅದ. ಸೀರಿ ಹೊಲಸಾಗ್ತದ."

"ಆಗ್ಲಿ ಬಿಡು," ಎಂದಳು ನಾಗಮ್ಮ. ನನ್ನ ಕಣ್ಣು ತುಂಬಿತು.

ಸಂಜೆಯ ಆಟೋಗೆ ನನ್ನನ್ನು ಹತ್ತಿಸಲು ಮನೆಯವರೆಲ್ಲ ರಸ್ತೆಯವರೆಗೆ ಬಂದರು. ಆಟೋ ಹೊರಟ ಮೇಲೆ ತಿರುಗಿ ನೋಡಿದೆ. ಚಂದ್ರಮ್ಮ ಕೈ ಬೀಸಿದರು, ಶರಣಪ್ಪನೂ ಬೀಸಿದ. ನಾಗಮ್ಮ ಮಾತ್ರ ಬೀಸಲಿಲ್ಲ. ಎರಡೂ ಕೈಯಲ್ಲಿ ಇನ್ನೂ ಉಡಿ ಹಿಡಿದುಕೊಂಡೇ ನಿಂತಿದ್ದಳು.