ಗೆರೆ ನುಂಗುವ ಯಂತ್ರಕ್ಕೆ ಕಾವಲು ಕೂತ ರಮಾಬಾಯಿ

ಬೆಳಕಿನ್ನೂ ಪೂರ್ತಿ ಹರಿದಿಲ್ಲ. ಅಂಜನಾಪುರದ ನೀರು ಬಳಕೆದಾರರ ಸಂಘದ ಬಾಗಿಲಿಗೆ ರಮಾಬಾಯಿ ಇವತ್ತಿನ ನೀರಿನ ಪಾಳಿ ಅಂಟಿಸುತ್ತಿದ್ದಾರೆ. ಅವರು ಇಲ್ಲಿನ ಕಂಪ್ಯೂಟರ್ ಆಪರೇಟರ್. ಅಂಟಿಸಿದ ಮೇಲೂ ಒಳಗೆ ಹೋಗುವುದಿಲ್ಲ. ರೈತರು ಕೊಟ್ಟ ಚೀಟಿಗಳನ್ನು ಹಿಡಿದು ಒಂದೊಂದೇ ಸರ್ವೆ ನಂಬರಿನ ಮೇಲೆ ಬೆರಳಾಡಿಸುತ್ತಾರೆ. ಹಿಂದೆ ನಿಂತ ನನ್ನನ್ನು ಕಂಡು ಬೆರಳು ನಿಲ್ಲುತ್ತದೆ.

“ಯಾರ್ ಕಳ್ಸಿದ್ರು ನಿನ್ನ?”

ಪತ್ರಿಕೆಯವಳು ಎಂದು ಗುರುತಿನ ಚೀಟಿ ತೋರಿಸಿದರೂ ರಮಾಬಾಯಿ ಬಿಡುವುದಿಲ್ಲ. “ಕೆಂಪಪ್ಪ ಕಳ್ಸಿದ್ನಾ, ಹಾಲಮ್ಮ ಕಳ್ಸಿದ್ಲಾ, ಅದನ್ನ ಮೊದ್ಲು ಹೇಳವ್ವ.”

ಅನುಮಾನಕ್ಕೆ ಕಾರಣವಿದೆ. ಈ ಬೇಸಿಗೆಯಲ್ಲಿ ಹಾಲಮ್ಮನ 45/2ನೇ ನಂಬರಿನ ಗದ್ದೆಗೆ ಪಾಳಿ ಬರಲೇ ಇಲ್ಲ, ಸಸಿಮಡಿ ಒಣಗತೊಡಗಿತು. ಕೆಂಪಪ್ಪನ 452ಕ್ಕೆ ಮಾತ್ರ ಎರಡೆರಡು ಸಲ ನೀರು ಹರಿಯಿತು. ರಮಾಬಾಯಿ ದುಡ್ಡು ತಿಂದಿದ್ದಾಳೆ ಎಂದು ಕಾಲುವೆಯುದ್ದಕ್ಕೂ ಮಾತಾಯಿತು. ಇವಳನ್ನು ಕೆಲಸದಿಂದ ಬಿಡಿಸಿ ಎಂದು ಹಾಲಮ್ಮ ಅಧ್ಯಕ್ಷರ ಮನೆಯಲ್ಲೇ ಹೋಗಿ ಕೂತರು.

“ನಾನೂ ಕೆಂಪಪ್ಪನ್ ಮ್ಯಾಲೆ ಅನುಮಾನ ಪಟ್ಟೆ. ತೂಬು ಎತ್ತೋ ನೀರಗಂಟಿ ಮ್ಯಾಲೂ ಪಟ್ಟೆ. ಕಡೀಗೆ ಕಂಪ್ಯೂಟರ್ ಮ್ಯಾಲೆ,” ಎನ್ನುತ್ತಾರೆ ರಮಾಬಾಯಿ.

ಕಚೇರಿಯ ಕೀಬೋರ್ಡಿನಲ್ಲಿ ಬಲಕ್ಕೆ ವಾಲಿದ ಗೆರೆಯ (/) ಕೀ ಕೆಟ್ಟಿತ್ತು. ಎಡಕ್ಕೆ ವಾಲಿದ್ದಾದರೂ ಗೆರೆಯೇ ತಾನೇ ಎಂದು ರಮಾಬಾಯಿ ಬ್ಯಾಕ್‌ಸ್ಲ್ಯಾಷ್ ಒತ್ತಿದ್ದರು: 45\2. ಫೈಲಿನಲ್ಲಿ ಅದು ಹಾಗೆಯೇ ಇದೆ, ಪಟ್ಟಿಯಲ್ಲಿ ಮಾತ್ರ 452. ಊರಲ್ಲೇ ಇಲ್ಲದ ನಂಬರೊಂದನ್ನು ಅದೇ ಗೆರೆಯೊಡನೆ ಬೇಕೆಂದೇ ಹಾಕಿ ನೋಡಿದರು. ಅಲ್ಲೂ ಗೆರೆ ಮಾಯ.

ಫೈಲಿನಿಂದ ಪಟ್ಟಿ ತಯಾರಿಸುವ ಆದೇಶಗಳ ಸರಣಿ, ಅಂದರೆ ಶೆಲ್ ಸ್ಕ್ರಿಪ್ಟ್, ಬರೆದವನು ಸೊರಬದ ಯತೀಶ. ಫೋನಿನಲ್ಲಿ “ನಂದೇನ್ ತಪ್ಪಿಲ್ಲ ಅಕ್ಕ, ನಿಮ್ ಕೈದೇ ಇರ್ಬೇಕು” ಎಂದ. ರಮಾಬಾಯಿ ಬಸ್ಸು ಹತ್ತಿ ಹೋಗಿ ಅವನ ಅಂಗಡಿಯಲ್ಲೇ ಕೂತು ತೋರಿಸಿದರು. ಸಾಲು ಓದುವ read ಆದೇಶ ಬ್ಯಾಕ್‌ಸ್ಲ್ಯಾಷನ್ನು ಅಕ್ಷರವೆಂದು ಎಣಿಸದೆ ನುಂಗುತ್ತಿತ್ತು. ಯತೀಶ ಅದರ ಪಕ್ಕ -r ಸೇರಿಸಿದ. ಬಂದದ್ದನ್ನು ಬಂದ ಹಾಗೆಯೇ ಓದು ಎಂದು ಅದರರ್ಥ.

“ಆಯ್ತಲ ಅಕ್ಕ, ಬಸ್ ಹೋಗ್ತದೆ” ಎಂದರೂ ಅವರು ಏಳಲಿಲ್ಲ. ಪರೀಕ್ಷೆಗೆಂದು ಒಂದು ಸಾಲಿನ ಕೊನೆಯಲ್ಲೂ ಬ್ಯಾಕ್‌ಸ್ಲ್ಯಾಷ್ ಹಾಕಿಸಿದರು. -r ತೆಗೆದಾಗ ಮುಂದಿನ ರೈತನ ಸಾಲು ಬಂದು ಇದಕ್ಕೇ ಅಂಟಿಕೊಂಡಿತು. ಮತ್ತೆ ಸೇರಿಸಿದಾಗ ಎರಡೂ ಬೇರೆಯಾದವು. ಆಮೇಲೆಯೇ ಎದ್ದರು.

ಈಗ ಹೊಸ ಕೀಬೋರ್ಡ್ ಬಂದಿದೆ. ಆದರೂ ಪಟ್ಟಿ ತೆಗೆಯುವ ಮುನ್ನ ದಿನವೂ ಸ್ಕ್ರಿಪ್ಟ್ ತೆರೆದು -r ಇದೆಯೇ ಎಂದು ನೋಡುತ್ತಾರೆ. “ನಾನ್ ಸರಿಯಾಗ್ ಒತ್ತಬೋದು. ನಾಳೆ ನನ್ ಜಾಗದಾಗ್ ಕುಂತೋರು?”

ಅಷ್ಟರಲ್ಲಿ ಹಾಲಮ್ಮ ಬರುತ್ತಾರೆ. ಅವರ ಸಸಿಮಡಿಯಲ್ಲಿ ಅರ್ಧ ಒಣಗದೆ ಉಳಿದಿದೆ. ಇವತ್ತಿನ ನೀರಿಗೆ ನಾಟಿ.

“ಕಂಪ್ಯೂಟರ್ ಗೆರೆ ನುಂಗ್ತಂತೆ. ಯಾರ್ ಕಂಡೋರು,” ಎನ್ನುತ್ತಲೇ ಪಟ್ಟಿಗೆ ಕಣ್ಣು ತಾಗುವಷ್ಟು ಬಗ್ಗುತ್ತಾರೆ. 45/2 ಇದೆ. ಚೀಟಿ ಕಸಿದುಕೊಂಡು ಮತ್ತೊಮ್ಮೆ ಹೋಲಿಸುತ್ತಾರೆ. “ನಾಳೀಗೂ ಬಂದ್ ನೋಡ್ತೀನಿ, ನಿನ್ ನಂಬಂಗಿಲ್ಲ.”

“ಬರ್ರಿ,” ರಮಾಬಾಯಿ ಚೀಟಿ ವಾಪಸು ಇಸಿದುಕೊಳ್ಳುತ್ತಾರೆ. “ನೋಡ್ದೆ ಹೋಗೋರ್ ಮ್ಯಾಲೇ ನಂಗ್ ಅನುಮಾನ.”