ಫರಂಗಿಪೇಟೆಗೆ ಒಯ್ದ ಪಿಂಗಾಣಿ ಬಳೆ

ಬೆಂಗಳೂರಿನಲ್ಲಿ ಬೆಳಗಿನ ಮೊದಲ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಎರಡು ಸೀರೆ, ಮಗುವಿಗೊಂದು ಉಣ್ಣೆಯ ಟೊಪ್ಪಿ, ಒಂದು ಭೂತಗನ್ನಡಿ, ಮತ್ತು ಹತ್ತಿಯಲ್ಲಿ ಸುತ್ತಿ ಸ್ಟೀಲು ಡಬ್ಬಿಯಲ್ಲಿಟ್ಟ ಒಂದು ಒಡೆದ ಪಿಂಗಾಣಿ ಬಳೆ ಇದ್ದವು. ಬಳೆ ಎಂದರೆ ಕೈಗೆ ತೊಡುವುದಲ್ಲ. ಆಕಾಶಕ್ಕೆ ಹೋಗಬೇಕಾಗಿದ್ದ ದೂರದರ್ಶಕವೊಂದರ ಕಣ್ಣಿನಿಂದ ಕತ್ತರಿಸಿ ತೆಗೆದದ್ದು. ಪರೀಕ್ಷೆ ಮುಗಿದ ಚೂರಾದ್ದರಿಂದ ಪ್ರಯೋಗಾಲಯದಲ್ಲಿ ಸಹಿ ಹಾಕಿ ಪಡೆದುಕೊಂಡಿದ್ದೆ. ಚೀಲವನ್ನು ಮೇಲಿಡುತ್ತೇನೆಂದು ಕಂಡಕ್ಟರು ಕೈಹಾಕಿದ. ಗದರಿದೆ. ಹಾಸನದಲ್ಲಿ ಇನ್ನೊಮ್ಮೆ ಕೈಹಾಕಿದ. ಇನ್ನೊಮ್ಮೆ ಗದರಿದೆ. ಆಮೇಲೆ ಅವನು ನನ್ನ ತಂಟೆಗೆ ಬರಲಿಲ್ಲ.

ಎರಡು ಸಾವಿರದ ದಶಕದ ಮೊದಲ ವರ್ಷಗಳ ಮಾತು ಇದು. ಸರ್ಕಾರದ ಬಾಹ್ಯಾಕಾಶ ದೂರದರ್ಶಕಗಳ ಕಾರ್ಯಕ್ರಮವನ್ನು ಆಗ ನಾನು ನಡೆಸುತ್ತಿದ್ದೆ. ನೆಂಟರಿಷ್ಟರೆಲ್ಲ ನಾನು ಸದಾ ನಕ್ಷತ್ರ ನೋಡುತ್ತ ಕೂತಿರುತ್ತೇನೆಂದು ತಿಳಿದಿದ್ದರು. ಎಲ್ಲಿ ಬಂತು! ನಕ್ಷತ್ರ ನೋಡುವವರನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಒಂದೇ ಉಪಗ್ರಹದ ಮೇಲೆ ನಾಲ್ಕು ದೂರದರ್ಶಕಗಳು, ಅವನ್ನು ಕಟ್ಟುವ ನಾಲ್ಕು ತಂಡಗಳು. ನಮ್ಮದಕ್ಕೆ ತೂಕ ಕಡಿಮೆ ಕೊಟ್ಟಿರಿ ಎಂದು ಒಬ್ಬರ ಮುನಿಸು, ನಮ್ಮದಕ್ಕೆ ವಿದ್ಯುತ್ತು ಸಾಲದು ಎಂದು ಇನ್ನೊಬ್ಬರದು. ಒಟ್ಟು ಕುಟುಂಬದ ಹಿರಿಸೊಸೆಯ ಪಾಡು ನನ್ನದು. ಎಲ್ಲರಿಗೂ ಬಡಿಸಿ, ಎಲ್ಲರಿಂದಲೂ ಅನ್ನಿಸಿಕೊಳ್ಳಬೇಕು.

ಆ ನಾಲ್ಕರಲ್ಲಿ ಒಂದು ನೇರಳಾತೀತ ಬೆಳಕನ್ನು ಕಾಣುವ ದೂರದರ್ಶಕ. ಅದಕ್ಕೆ ಮೂರು ಕಣ್ಣು. ಕಣ್ಣು ಎಂದರೆ ಒಳಗಿನ ಗಾಳಿಯನ್ನೆಲ್ಲ ತೆಗೆದು ಮುಚ್ಚಿದ, ಅಂಗೈಯಲ್ಲಿ ಹಿಡಿಸುವಷ್ಟು ಕೊಳವೆ. ಅದರ ನಡುವೆ ಈ ಪಿಂಗಾಣಿ ಬಳೆ. ಮೂರನ್ನೂ ಜೋಡಿಸಿದವಳು ಫರಂಗಿಪೇಟೆಯ ಹುಡುಗಿ, ನಮ್ಮ ಎಂಜಿನಿಯರು ಮಿಸ್ರಿಯಾ. ಅವಳು ಹೆರಿಗೆ ರಜೆಗೆ ಹೊರಡುವ ಮುಂಚೆ, ಬಿಸಿಯಲ್ಲೂ ಚಳಿಯಲ್ಲೂ ಇಟ್ಟು ನೋಡುವ ಪರೀಕ್ಷೆಯಲ್ಲಿ ಒಂದು ಕಣ್ಣು ಸತ್ತುಹೋಯಿತು. ಒಳಗೆ ಗಾಳಿ ನುಗ್ಗಿತ್ತು. ಸ್ಕ್ರೂ ಬಿಗಿಯುವಾಗ ತನ್ನ ಕೈಯೇ ಹೆಚ್ಚಾಯಿತು, ತಾನೇ ಒಡೆದೆ ಎಂದು ಮಿಸ್ರಿಯಾ ತೀರ್ಮಾನಿಸಿಬಿಟ್ಟಳು. ಹೆರಿಗೆಯಾದ ಮೇಲೆ ಒಂದು ದಿನ ಫೋನು ಬಂತು. "ಮೇಡಂ, ನಾನು ಕೆಲಸ ಬಿಡ್ತೇನೆ. ಮಗುವನ್ನು ಕರ್ಕೊಂಡು ಅವರ ಹತ್ರ ಸೌದಿಗೆ ಹೋಗ್ತೇನೆ."

ಅಷ್ಟರಲ್ಲಿ ಪ್ರಯೋಗಾಲಯದವರು ಸತ್ತ ಕಣ್ಣನ್ನು ಕೊಯ್ದು ನೋಡಿದ್ದರು. ತಪ್ಪು ಆ ಒಂದು ಬಳೆಯದು, ಅದನ್ನು ಸುಟ್ಟ ಕುಲುಮೆಯದು ಎಂದು ವರದಿ ಕೊಟ್ಟರು. ಸಂತೋಷದಿಂದ ಫೋನು ಮಾಡಿ ಹೇಳಿದೆ. "ನನ್ನ ಸಮಾಧಾನಕ್ಕೆ ಹೇಳ್ತೀರಿ ನೀವು" ಎಂದು ಫೋನಿಟ್ಟಳು. ಮತ್ತೆ ಮಾಡಿದರೆ ಅವಳ ತಾಯಿ ಎತ್ತಿ, ಮಲಗಿದ್ದಾಳೆ ಎಂದರು. ಇದು ಫೋನಿನಲ್ಲಿ ಬಗೆಹರಿಯುವ ಸಂಗತಿಯಲ್ಲ ಎಂದು ಎರಡು ದಿನ ರಜೆ ಹಾಕಿದೆ. ಅವಳು ಮರಳಿ ಬರಬೇಕು ಎಂಬ ಆಸೆ ಇದ್ದದ್ದು ನಿಜ. ಅದಕ್ಕಿಂತ ಹೆಚ್ಚಾಗಿ, ಆ ಸುಳ್ಳು ಭಾರವನ್ನು ಹೊತ್ತುಕೊಂಡು ಅವಳು ಎಲ್ಲಿಗೂ ಹೋಗಬಾರದು ಎನ್ನಿಸಿತ್ತು.

ಶಿರಾಡಿಯ ರಸ್ತೆ ಮಳೆಗಾಲದಲ್ಲಿ ಕಿತ್ತುಹೋಗಿ ಯಾರಿಗೂ ಬೇಡವಾಗಿದ್ದ ವರ್ಷ ಅದು. ನಮ್ಮ ಬಸ್ಸು ಬೇಲೂರು, ಮೂಡಿಗೆರೆ ಹಿಡಿದು ಚಾರ್ಮಾಡಿಯ ಕಡೆ ಹೊರಟಿತು. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದರು. ಮೂರು ತಿಂದು, ಇನ್ನೆರಡು ಹಾಕಿಸಿಕೊಂಡೆ. ಘಾಟಿಯಲ್ಲಿ ಮಂಜು ಕವಿದು ಮುಂದಿನ ಲಾರಿಯ ಕೆಂಪು ದೀಪವೊಂದೇ ಕಾಣುತ್ತಿತ್ತು. ಪ್ರತಿ ತಿರುವಿನಲ್ಲೂ ಡಬ್ಬಿಯನ್ನು ಮಡಿಲಿಗೆ ಒತ್ತಿಕೊಂಡೆ. ಈಗಾಗಲೇ ಒಡೆದದ್ದು ಇನ್ನೇನು ಒಡೆಯಬೇಕು ಎಂದು ನನಗೇ ನಗು ಬಂತು. ಘಾಟಿ ಇಳಿದದ್ದೇ ಸೆಕೆ ಶುರು. ಉಜಿರೆಯಲ್ಲಿ ಇಳಿದು, ಬೆಳ್ತಂಗಡಿಗೆ ಒಂದು ಬಸ್ಸು, ಅಲ್ಲಿಂದ ನಾರಾವಿಯ ಬಸ್ಸು ಹಿಡಿದು ಅಳದಂಗಡಿಗೆ ಬಂದೆ.

ಅಳದಂಗಡಿಯಲ್ಲಿ ನನ್ನ ಹಾಸ್ಟೆಲಿನ ಗೆಳತಿ ಪದ್ಮಲತಾ ಇದ್ದಾಳೆ. ರಾತ್ರಿ ಅವಳ ಮನೆಯಲ್ಲಿ ತಂಗುವುದೆಂದು ಮೊದಲೇ ಫೋನು ಮಾಡಿದ್ದೆ. ಜೈನರ ಮನೆ, ಹೊತ್ತು ಮುಳುಗುವ ಮುಂಚೆ ಊಟ ಆಗಬೇಕು. ಆಕೆ ರಸ್ತೆಗೇ ಬಂದು ನಿಂತಿದ್ದಳು. "ಬೇಗ ಬಾ ಮಾರಾಯ್ತಿ, ನಿನ್ನ ರಾಕೆಟ್ಟು ತಡ ಆಗಬಹುದು, ನಮ್ಮ ಊಟ ತಡ ಆಗ್ಲಿಕ್ಕಿಲ್ಲ" ಎಂದು ಕೈಹಿಡಿದು ಎಳೆದುಕೊಂಡು ಹೋದಳು. ಕುಚ್ಚಲಕ್ಕಿ ಅನ್ನ, ಬಸಳೆ ಸಾರಿನ ನಿರೀಕ್ಷೆಯಲ್ಲಿದ್ದೆ. ಚಾತುರ್ಮಾಸದಲ್ಲಿ ಅವರು ಸೊಪ್ಪು ತಿನ್ನುವುದಿಲ್ಲವಂತೆ, ಹೆಸರುಬೇಳೆ ತೊವ್ವೆ, ಬಾಳೆಕಾಯಿ ಪಲ್ಯ ಬಡಿಸಿದಳು. ಹೊರಗೆ ಇನ್ನೂ ಬಿಸಿಲಿತ್ತು. ಇಷ್ಟು ಬೆಳಕಿನಲ್ಲಿ ರಾತ್ರಿಯ ಊಟ ಮಾಡಿ ನನಗೆ ಅಭ್ಯಾಸವಿಲ್ಲ, ಆದರೂ ತಟ್ಟೆ ಬರಿದಾಯಿತು.

ಪದ್ಮಲತಾಗೆ ಎಲ್ಲವನ್ನೂ ಹೇಳಿದೆ. ಅವಳು ಕೇಳಿದ ಮೊದಲ ಪ್ರಶ್ನೆ, "ಸೋಮವಾರ ನಿಮಗೆ ಎಂತದೋ ಪರೀಕ್ಷೆ ಉಂಟು ಅಂತ ಫೋನಿನಲ್ಲಿ ಹೇಳಿದಿಯಲ್ಲ, ಅದಕ್ಕೆ ಅವಳನ್ನು ಕರೀಲಿಕ್ಕೆ ಬಂದದ್ದಾ?"

"ಅಲ್ಲ ಕಣೇ. ಸತ್ತ ಕಣ್ಣಿನ ಜಾಗಕ್ಕೆ ಬದಲಿ ಹಾಕಿದ್ದೀವಿ. ಸೋಮವಾರ ರಾಕೆಟ್ಟಿನಲ್ಲಿ ಹೋಗುವಾಗ ಹೇಗೆ ಅಲುಗುತ್ತೋ ಹಾಗೆ ಅಲುಗಾಡಿಸಿ ನೋಡ್ತಾರೆ. ಅದಕ್ಕೆ ಅವಳು ಬೇಡ. ಅವಳು ಬೇಕಿರೋದು ಆಮೇಲೆ."

"ಹಾಗಾದ್ರೆ ನಾಳೆ ಕೆಲಸದ ಮಾತೇ ತೆಗೀಬೇಡ. ಬಾ ಅಂತ ಕೂಡ ಹೇಳಬೇಡ. ಬಾಣಂತಿ ನೋಡ್ಲಿಕ್ಕೆ ಬಂದದ್ದು ಅಂತ ಕೂತ್ಕೋ" ಎಂದಳು ಪದ್ಮಲತಾ. ನನ್ನ ನಾಲಿಗೆಯ ಪರಿಚಯ ಅವಳಿಗೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಬೆಳ್ತಂಗಡಿಗೆ ಮರಳಿ, ಅಲ್ಲಿಂದ ಬಂಟ್ವಾಳದ ಬಿ.ಸಿ. ರೋಡಿಗೆ ಖಾಸಗಿ ಬಸ್ಸು ಹಿಡಿದೆ. ಆ ಬಸ್ಸುಗಳ ಓಟ ನೋಡಿದ ಮೇಲೆ, ನಮ್ಮ ಅಲುಗಾಟದ ಮೇಜಿಗೆ ಅಷ್ಟೊಂದು ಖರ್ಚು ಏಕೆ ಮಾಡಿದೆವೋ ಎನ್ನಿಸಿತು. ಬಿ.ಸಿ. ರೋಡಿನಲ್ಲಿ ಬಸ್ಸು ಬದಲಿಸಿ, ನೇತ್ರಾವತಿಯ ದಡಕ್ಕೇ ಅಂಟಿಕೊಂಡ ಹೆದ್ದಾರಿಯಲ್ಲಿ ಹತ್ತು ಕಿಲೋಮೀಟರು ಬಂದರೆ ಫರಂಗಿಪೇಟೆ. ಮೀನಿನ ಬುಟ್ಟಿಗಳು, ಮೊಬೈಲಿನ ಹೊಸ ಅಂಗಡಿ, ಹಾರ್ನಿನ ಗದ್ದಲ. ಬೇಕರಿಯವರ ಹತ್ತಿರ ಮಿಸ್ರಿಯಾಳ ಮನೆ ಕೇಳಿದೆ. "ರಾಕೆಟ್ಟಿನ ಹುಡುಗಿಯದ್ದಾ? ಆ ಓಣಿಯಲ್ಲಿ ಕೆಳಗೆ ಹೋಗಿ, ಹಸಿರು ಗೇಟು" ಎಂದರು. ರಾಕೆಟ್ಟಿನ ಹುಡುಗಿ ಎಂದು ಅವರು ಹೇಳಿದ ರೀತಿಯಲ್ಲಿ ಹೆಮ್ಮೆ ಇತ್ತು.

ಬಾಗಿಲು ತೆರೆದವರು ಮಿಸ್ರಿಯಾಳ ತಾಯಿ. ಮಗಳು ಉಮ್ಮ ಎಂದು ಕರೆಯುವುದನ್ನು ಕೇಳಿ ಕೇಳಿ ನನ್ನ ಬಾಯಲ್ಲೂ ಉಮ್ಮ ಎಂದೇ ಬಂತು. ಹಣ್ಣಾದ ಮುಖ, ತಲೆಯ ಮೇಲೆ ಬಿಳಿ ಬಟ್ಟೆ. "ನನಗೆ ಕನ್ನಡ ಅಷ್ಟು ಬರುದಿಲ್ಲ, ತಪ್ಪು ತಿಳೀಬೇಡಿ" ಎಂದು ಶುರುಮಾಡಿ ಅರ್ಧ ಗಂಟೆ ಕನ್ನಡದಲ್ಲೇ ಮಾತಾಡಿದರು. ನಾನು ಕೋಳಿ ತಿನ್ನುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಪತ್ತಿರ್ ಎನ್ನುವ ತೆಳು ಅಕ್ಕಿರೊಟ್ಟಿಯನ್ನು ತೆಂಗಿನ ಹಾಲು, ಸಕ್ಕರೆಯ ಜೊತೆ ತಂದಿಟ್ಟರು. ಆಮೇಲೆ ತಗ್ಗಿದ ದನಿಯಲ್ಲಿ, "ಸೌದಿಗೆ ಹೋಗ್ಲಿ, ಗಂಡನ ಹತ್ರ ಹೋಗುದು ನನಗೆ ಖುಷಿಯೇ. ಆದ್ರೆ ಅವಳು ಅತ್ತುಕೊಂಡು ಹೋಗ್ತಾಳೆ ಮೇಡಂ. ಹಾಗೆ ಹೋಗುದು ಬೇಡ" ಎಂದರು. ನಾನು ಬೆಂಗಳೂರಿನಿಂದ ಹೊತ್ತು ತಂದ ಮಾತನ್ನೇ ಅವರು ಆಡಿದ್ದರು.

ಬಾಣಂತಿಯ ಕೋಣೆಯಲ್ಲಿ ಲೋಬಾನದ ಹೊಗೆ, ಬೆಳ್ಳುಳ್ಳಿಯ ವಾಸನೆ. ಎಣ್ಣೆ ತಿಕ್ಕುವ ಅಜ್ಜಿ ಆಗಷ್ಟೇ ಕೆಲಸ ಮುಗಿಸಿ ಹೊರಗೆ ಹೋಗಿದ್ದರು. ತಲೆಗೆ, ಕಿವಿಗೆ ಬಟ್ಟೆ ಸುತ್ತಿಕೊಂಡು ಮಿಸ್ರಿಯಾ ಮಂಚದ ಮೇಲೆ ಕೂತಿದ್ದಳು. ನೆತ್ತಿಯಿಂದ ಉಗುರಿನವರೆಗೆ ತೆಂಗಿನೆಣ್ಣೆ ಹೊಳೆಯುತ್ತಿತ್ತು. ನನಗೆ ನಗುವೂ ಬಂತು, ಕರುಳೂ ಚುರುಕ್ಕೆಂದಿತು. ದೂರದರ್ಶಕ ಜೋಡಿಸುವ ನಮ್ಮ ಶುದ್ಧಕೋಣೆಯಲ್ಲಿ ಎಣ್ಣೆಯೇ ದೊಡ್ಡ ಶತ್ರು. ಕಣ್ಣಿಗೆ ಕಾಣದಷ್ಟು ಜಿಡ್ಡು ಕನ್ನಡಿಗೆ ಕೂತರೂ ನೇರಳಾತೀತ ಬೆಳಕು ಅಲ್ಲೇ ಇಂಗಿಹೋಗುತ್ತದೆ. ತಲೆಗೆ ಎಣ್ಣೆ ಹಚ್ಚಿಕೊಂಡು ಬಂದ ನನ್ನ ಮೇಲಧಿಕಾರಿಯೊಬ್ಬರನ್ನು ಇವಳು ಬಾಗಿಲಲ್ಲೇ ತಡೆದು, ಸ್ನಾನ ಮಾಡಿ ಬನ್ನಿ ಎಂದು ಕಳಿಸಿದ್ದಳು. ಆ ಹುಡುಗಿ ಇವಳೇ.

ಮಗುವನ್ನು ಎತ್ತಿಕೊಂಡೆ. ಹೆಣ್ಣು. ಟೊಪ್ಪಿ ದೊಡ್ಡದಾಯಿತು, ಮೂಗಿನವರೆಗೆ ಇಳಿಯಿತು. ಮಿಸ್ರಿಯಾ ನಗಲಿಲ್ಲ. "ಹೇಗಿದ್ದೀಯಮ್ಮ?" ಎಂದರೆ "ಇದ್ದೇನೆ ಮೇಡಂ" ಎಂದು ಗೋಡೆ ನೋಡಿದಳು. ಪದ್ಮಲತಾ ಹೇಳಿಕೊಟ್ಟ ಪಾಠ ಸ್ವಲ್ಪ ಹೊತ್ತು ನೆನಪಿತ್ತು. ಆಮೇಲೆ ನನ್ನಿಂದಾಗಲಿಲ್ಲ. ಡಬ್ಬಿ ತೆರೆದು, ಹತ್ತಿ ಬಿಡಿಸಿ, ಬಳೆಯನ್ನು ಅವಳ ಮುಂದಿಟ್ಟೆ.

"ನಾನು ಹೇಳಿದ್ದು ನಂಬಬೇಡ. ನೀನೇ ನೋಡು."

ಅವಳು ಬೆಚ್ಚಿದಳು. ಆ ಬಳೆಯ ಗುರುತು ಅವಳಿಗೆ ಹೇಳಬೇಕಾಗಿರಲಿಲ್ಲ. ಕೈ ಚಾಚಿದವಳು ಅರ್ಧದಲ್ಲೇ ನಿಲ್ಲಿಸಿ, ತನ್ನ ಬೆರಳುಗಳನ್ನು ನೋಡಿಕೊಂಡಳು.

"ಎಣ್ಣೆ ಉಂಟು ಮೇಡಂ ಕೈಯಲ್ಲಿ. ಮುಟ್ಲಿಕ್ಕಾಗುದಿಲ್ಲ."

"ಸತ್ತದ್ದಕ್ಕೆ ಏನಾಗುತ್ತಮ್ಮ, ಮುಟ್ಟು" ಎಂದೆ.

"ಜಿಡ್ಡಾದ್ರೆ ಒಡಕು ಸರಿ ಕಾಣುದಿಲ್ಲ" ಎಂದು ಮಂಚದಿಂದ ಇಳಿದು ಬಚ್ಚಲಿಗೆ ಹೊರಟೇಬಿಟ್ಟಳು. ಉಮ್ಮ ಹಿಂದೆಯೇ ಓಡಿದರು. "ಬಾಣಂತಿ ತಣ್ಣೀರಿಗೆ ಕೈ ಹಾಕುದಾ? ಎಂತ ಹುಡುಗಿ ನೀನು!" ಎಂದು ಬೈಯುತ್ತಲೇ ಹಂಡೆಯಿಂದ ಬಿಸಿನೀರು ತೋಡಿ ಕೊಟ್ಟರು. ಕಡಲೆಹಿಟ್ಟು ಹಾಕಿ ಒಂದು ಸಲ, ಸಾಬೂನು ಹಾಕಿ ಮತ್ತೊಂದು ಸಲ. ಮಗು ನನ್ನ ತೋಳಲ್ಲಿ ಅಳತೊಡಗಿತು. ನಾನು ತೂಗುತ್ತ ನಿಂತೆ.

ಕೈ ಒಣಗಿಸಿಕೊಂಡು ಬಂದು, ನಾನು ತಂದಿದ್ದ ಭೂತಗನ್ನಡಿ ಹಿಡಿದು ಕಿಟಕಿಯ ಬೆಳಕಿನಲ್ಲಿ ಕೂತಳು. ತುಂಬಾ ಹೊತ್ತು ನೋಡಿದಳು. "ಒಡಕು ಒಳಗಿನಿಂದ ಹೊರಗೆ ಬಂದಿದೆ" ಎಂದಳು.

"ಹೌದು. ನಿನ್ನ ಸ್ಕ್ರೂ ಬಿಗಿದು ಒಡೆದಿದ್ದರೆ?"

"ಹೊರಗಿನಿಂದ ಒಳಗೆ ಹೋಗಬೇಕಿತ್ತು." ಅವಳ ದನಿ ಒಡೆಯಿತು. "ನಾನಲ್ಲ."

"ನೀನಲ್ಲ ಕಂದಾ" ಎಂದೆ. ಕಚೇರಿಯಲ್ಲಿ ಯಾರನ್ನೂ ಕಂದಾ ಎಂದವಳಲ್ಲ ನಾನು. ಅವಳು ಬಿಕ್ಕಿ ಬಿಕ್ಕಿ ಅತ್ತಳು, ಬಳೆಯನ್ನು ಮಾತ್ರ ಕಣ್ಣೀರು ತಾಗದಂತೆ ದೂರ ಹಿಡಿದಿದ್ದಳು. ಏನೂ ಅರ್ಥವಾಗದ ಉಮ್ಮ ಮಗಳ ಬೆನ್ನು ಸವರಿದರು. ನನ್ನ ಕಣ್ಣೂ ತುಂಬಿತ್ತು.

ಅಷ್ಟಕ್ಕೆ ಮುಗಿಯಿತೆಂದುಕೊಂಡೆ. ಮಿಸ್ರಿಯಾ ಮೂಗೊರೆಸಿಕೊಂಡು ಇನ್ನೊಮ್ಮೆ ಭೂತಗನ್ನಡಿ ಹಿಡಿದಳು. ಹುಬ್ಬು ಗಂಟಿಕ್ಕಿತು. "ಮೇಡಂ, ಒಡಕಿನ ಪಕ್ಕ ಬಿಳಿ ಗೆರೆ ಉಂಟಲ್ಲ? ಈ ಗೆರೆಯ ಮೇಲೆಯೇ ಒಡೆದದ್ದು ಇದು. ಬೇರೆ ಕೊಳವೆಗಳಲ್ಲೂ ಇದೇ ಗೆರೆ ಇತ್ತು. ಪೆಟ್ಟಿಗೆ ಬಿಚ್ಚಿದ್ದು ನಾನೇ. ಉಜ್ಜಿದ ಗುರುತು ಅಂತ ತಿಳ್ಕೊಂಡೆ. ಬದಲಿ ಕೊಳವೆ ಯಾವ ಪೆಟ್ಟಿಗೆಯದ್ದು?"

"ಅದೇ ಪೆಟ್ಟಿಗೆಯದು."

"ಮೂರೂ ಈಗ ಎಲ್ಲಿ ಉಂಟು?"

"ದೂರದರ್ಶಕದಲ್ಲೇ. ಸೋಮವಾರ ಅಲುಗಾಟದ ಪರೀಕ್ಷೆ."

"ನಿಮಗೆಲ್ಲ ಎಂತ ಹುಚ್ಚಾ ಮೇಡಂ!" ಅವಳು ಕಿರುಚಿದ ದನಿಗೆ ಮಗು ಅಳು ನಿಲ್ಲಿಸಿತು. "ಮೂರೂ ಹೋಗ್ತದೆ! ಒಂದೂ ಉಳಿಯುದಿಲ್ಲ! ಕವಚ ಹಾಕಿದ ಮೇಲೆ ಆ ಗೆರೆ ಯಾರಿಗೂ ಕಾಣುದಿಲ್ಲ. ಯಾರನ್ನು ಕೇಳಿ ಪರೀಕ್ಷೆ ಇಟ್ಟದ್ದು? ಈಗಲೇ ನಿಲ್ಲಿಸ್ಲಿಕ್ಕೆ ಹೇಳಿ. ಈಗಲೇ!"

ಇಷ್ಟು ವರ್ಷದ ನೌಕರಿಯಲ್ಲಿ ಕೈಕೆಳಗಿನವರು ಯಾರೂ ನನಗೆ ಹೀಗೆ ಬೈದಿರಲಿಲ್ಲ. ಬೈಸಿಕೊಂಡು ಇಷ್ಟು ಖುಷಿಯೂ ಆಗಿರಲಿಲ್ಲ. ಚಾವಡಿಯ ಫೋನಿನಿಂದ ಬೆಂಗಳೂರಿಗೆ ಮಾತಾಡಿದೆ. ನನ್ನ ಸಹಾಯಕ ತಲೆತಲೆ ಚಚ್ಚಿಕೊಂಡ. ಅಲುಗಾಟದ ಮೇಜು ಬಿಟ್ಟುಕೊಟ್ಟರೆ ಇನ್ನೊಂದು ಉಪಗ್ರಹದವರು ಹಿಡಿಯುತ್ತಾರೆ, ಮತ್ತೆ ಸಿಗುವುದಕ್ಕೆ ತಿಂಗಳುಗಟ್ಟಲೆ ಕಾಯಬೇಕು, ಸಮಿತಿಗೆ ಏನು ಹೇಳುತ್ತೀರಿ ಎಂದ. ಹೇಳುವುದು ನನ್ನ ಕೆಲಸ, ನೀನು ನಿಲ್ಲಿಸು ಎಂದೆ. ಸಮಿತಿಯವರ ಮುಖಗಳು ಕಣ್ಣ ಮುಂದೆ ಬಂದವು. ಆದರೂ ನಿಲ್ಲಿಸಿದೆ.

ಮಂಗಳೂರಿನಿಂದ ಬೆಂಗಳೂರಿಗೆ ಸಂಜೆಯ ಬಸ್ಸಿತ್ತು. ಹೊರಡುವಾಗ, ನೀನು ಬರುತ್ತೀಯಾ ಎಂದು ಕೇಳಲು ಬಾಯಿ ತೆರೆದೆ. ಮಿಸ್ರಿಯಾ ಮಗುವಿಗೆ ಹಾಲೂಡುತ್ತ ಕೂತಿದ್ದಳು. ಕೇಳಬಾರದು ಎನ್ನಿಸಿತು. ಸೌದಿಯಲ್ಲಿ ಗಂಡ ಕಾಯುತ್ತಿದ್ದಾನೆ, ಮಡಿಲಲ್ಲಿ ಇಷ್ಟುದ್ದದ ಮಗು. ನಾನು ಹೇಳಬೇಕಾದ್ದನ್ನು ಹೇಳಿಯಾಗಿತ್ತು. ಅವಳ ಕೆನ್ನೆ ತಟ್ಟಿ ಹೊರಬಂದೆ.

ಉಮ್ಮ ಗೇಟಿನವರೆಗೂ ಬಂದರು. ಅಷ್ಟರಲ್ಲಿ ಹಿಂದೆ ಕಿಟಕಿಯ ಬಾಗಿಲು ದಡ್ಡೆಂದು ತೆರೆಯಿತು. ಹೆರಿಗೆಯಾಗಿ ನಲವತ್ತು ದಿನ ತುಂಬದ ಬಾಣಂತಿ ಹೊಸ್ತಿಲು ದಾಟುವಂತಿಲ್ಲ. ಕಿವಿಗೆ ಕಟ್ಟಿದ ಬಟ್ಟೆಯನ್ನು ಒಂದು ಕೈಯಲ್ಲಿ ಸರಿಸಿಕೊಂಡು, ಮಗುವನ್ನು ಹೆಗಲಿಗೆ ಹಾಕಿಕೊಂಡು ಮಿಸ್ರಿಯಾ ಕೂಗಿದಳು.

"ಮೇಡಂ! ಆ ಕೊಳವೆಗಳನ್ನು ಯಾರೂ ಬಿಚ್ಚಬಾರದು ಅಂತ ಹೇಳಿ! ನಾನು ಬರುವವರೆಗೆ ಯಾರೂ ಮುಟ್ಟಬಾರದು!"

ತಾನು ಏನು ಹೇಳಿದೆನೆಂದು ಅವಳಿಗೇ ಗೊತ್ತಾದಂತಿರಲಿಲ್ಲ. ಮಗುವಿನ ಬೆನ್ನು ತಟ್ಟುತ್ತ ಒಳಗೆ ಸರಿದಳು. ಉಮ್ಮ ನನ್ನ ಕೈ ಹಿಡಿದುಕೊಂಡರು.

"ಕೇಳಿದ್ರಾ?" ಎಂದರು ಮೆಲ್ಲಗೆ.

"ಕೇಳಿತು ಉಮ್ಮ" ಎಂದೆ.